ಗುಮ್ಮವ್ವನ ಮಾರಿ

ಅಮರಮ್ಮನ ಗಂಡನಿಗೆ ಕಣ್ಣೆದುರು ಕೂತದ್ದನ್ನು ಬಿಟ್ಟರೆ ಬೇರೆ ಯಾವುದರ ಚಿತ್ರವನ್ನೂ ತೆಗೆಯಲು ಬರುತ್ತಿರಲಿಲ್ಲ. ಎಮ್ಮೆ ಬೇಕೆಂದರೆ ಎಮ್ಮೆಯ ಮುಂದೆ ಹೋಗಿ ಕೂಡಬೇಕು. ಏಡಿ ಬೇಕೆಂದರೆ ಹಳ್ಳದಿಂದ ಏಡಿ ಹಿಡಿದು ತಂದು ಬುಟ್ಟಿಯಲ್ಲಿ ಬಿಡಬೇಕು. ಅದು ಬುಟ್ಟಿ ಹತ್ತಿ ಓಡಿದರೆ ಬೈಗಳು ಅಮರಮ್ಮನಿಗೆ. ಒಮ್ಮೆ ಹಾರುವ ಕಾಗೆ ಬೇಕಾಗಿ ಸತ್ತ ಕಾಗೆಯೊಂದನ್ನು ತಂದು, ರೆಕ್ಕೆ ಬಿಡಿಸಿ, ಪಡಸಾಲೆಯ ಗೂಟಕ್ಕೆ ಕಟ್ಟಿದ್ದ. ಚಿತ್ರ ಮುಗಿಯುವ ತನಕ ಮನೆಯೆಲ್ಲ ನಾತ. ಅಮರಮ್ಮ ಮೂಗಿಗೆ ಸೆರಗು ಕಟ್ಟಿಕೊಂಡು ರೊಟ್ಟಿ ಬಡಿದಳು.

ಗಂಡನ ಹೆಸರು ಯಂಕೋಬ. ಮಲ್ಲಟದ ಕೂಲಿ ಮನೆತನದವನು. ಸಗಣಿ ಸಾರಿಸಿದ ಗೋಡೆಯ ಮೇಲೆ ಸುಣ್ಣದಲ್ಲಿ ಎತ್ತು ಬಿಡಿಸುತ್ತಿದ್ದ ಹುಡುಗ ಪರೀಕ್ಷೆ ಪಾಸು ಮಾಡಿ ಮಾನ್ವಿಯ ಶಾಲೆಯಲ್ಲಿ ಚಿತ್ರದ ಮಾಸ್ತರನಾದ. ಅಷ್ಟಕ್ಕೆ ತೃಪ್ತಿಪಟ್ಟುಕೊಂಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಮಕ್ಕಳಿಗೆ ಚಿತ್ರದ ಪುಸ್ತಕ ಮಾಡಬೇಕು, ಕತೆಯೂ ತನ್ನದೇ ಚಿತ್ರವೂ ತನ್ನದೇ ಇರಬೇಕು, ರಾಯಚೂರಿನಿಂದ ಬೆಂಗಳೂರಿನವರೆಗೆ ಹೆಸರಾಗಬೇಕು ಎಂಬ ಹುಳ ಅವನ ತಲೆ ಹೊಕ್ಕಿತ್ತು. ಏಡಿಯ ಪುಸ್ತಕ ಮಾಡಿದ. ಕಾಗೆಯ ಪುಸ್ತಕ ಮಾಡಿದ. ಎರಡೂ ಹಾಗೇ ಬಿದ್ದು ಗೆದ್ದಲು ಹಿಡಿದವು.

ಎಪ್ಪತ್ಮೂರನೇ ಇಸವಿಯ ಒಂದು ಸಂಜೆ ಅಮರಮ್ಮ ಮಗಳು ಕನಕಳಿಗೆ ಉಣಿಸುತ್ತಿದ್ದಳು. ಐದು ವರ್ಷದ ಆ ಕೂಸು ಪುಂಡಿಪಲ್ಯ ಕಂಡರೆ ಬಾಯಿಗೆ ಬೀಗ ಹಾಕುತ್ತಿತ್ತು. ಅದಕ್ಕೆ ಅಮರಮ್ಮನ ಬಳಿ ಒಂದು ಮದ್ದಿತ್ತು. ಚಿಕ್ಕಂದಿನಲ್ಲಿ ಅವಳಿಗೆ ಮೈಲಿಬೇನೆ ಬಂದು ಹೋಗಿತ್ತು. ಹಣೆಯಿಂದ ಗದ್ದದವರೆಗೆ ಸಿಡುಬಿನ ಕುಳಿ, ಎಡಗಣ್ಣಿನ ರೆಪ್ಪೆ ಜಗ್ಗಿದಂತೆ ಇಳಿದಿತ್ತು, ಮೇಲಿನ ಹಲ್ಲು ಮೊದಲೇ ಮುಂದು. ತವರು ಯಾಪಲದಿನ್ನಿಯಲ್ಲಿ ಆ ವರ್ಷ ಮನೆಮನೆಗೂ ಬೇನೆ ಹೊಕ್ಕಿತ್ತಾದ್ದರಿಂದ ಉಳಿದವರಿಗೆಲ್ಲ ಅದೇ ಗುರುತು. ಅಲ್ಲಿ ಯಾರೂ ಯಾರ ಮುಖ ನೋಡಿಯೂ ನಗುತ್ತಿರಲಿಲ್ಲ. ಈಗ ಆ ಮಾರಿಯನ್ನೇ ಅವಳು ಆಟಕ್ಕೆ ಬಳಸಿದಳು. ಕಣ್ಣು ಹಿಗ್ಗಿಸಿ, ಕೆನ್ನೆ ಒಳಗೆ ಎಳೆದು, ಹಲ್ಲು ಹೊರಗೆ ಚಾಚಿ, ತುತ್ತು ಹಿಡಿದ ಕೈ ಮೇಲೆತ್ತಿದಳು.

"ಗುಮ್ಮವ್ವ ಬಂದಾಳ! ಉಣ್ಣದ ಕೂಸು ಎಲ್ಲದ? ಎಲ್ಲದ?"

ಕನಕ ಕಿಟಾರನೆ ಕಿರುಚಿ ನಕ್ಕಿತು. ನಕ್ಕ ಬಾಯಿಗೆ ತುತ್ತು ಬಿತ್ತು. ದಿನಾ ಇದೇ ಆಟ.

ಯಂಕೋಬ ಬಾಗಿಲಲ್ಲಿ ನಿಂತಿದ್ದ. ಚಪ್ಪಲಿ ಕೂಡ ಬಿಟ್ಟಿರಲಿಲ್ಲ.

"ಅಮರೀ, ಹಂಗ ಇರು. ಅಲ್ಲಾಡಬ್ಯಾಡ."

"ಅಯ್ಯ, ಕೂಸು ಉಣ್ಣಾಕತ್ತದ್ರೀ."

"ಉಣ್ಣಲಿ ಬಿಡು. ನೀ ಅಲ್ಲಾಡಬ್ಯಾಡಂದ್ನಿ!"

ಅವಳು ನಗು ತಡೆದುಕೊಂಡು ಹಾಗೇ ಕೂತಳು. ಗಂಡ ತನ್ನನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಮದುವೆಯಲ್ಲೂ ನೋಡಿರಲಿಲ್ಲ. ಮರುದಿನವೂ ಕೂರಿಸಿದ, ಅದರ ಮರುದಿನವೂ. ಕೆನ್ನೆ ಸೇದಿ ಸೇದಿ ದವಡೆ ನೋಯುತ್ತಿತ್ತು, ಆದರೂ ಕೂತಳು. ಒಮ್ಮೆ ಮಾತ್ರ ಕೇಳಿದಳು: "ಇದು ನಾನಂತ ಗುರ್ತು ಹತ್ತಂಗಿಲ್ಲ ಹೌದಿಲ್ರೀ?"

"ಹುಚ್ಚಿ! ಕೊನೀಗೆ ಮಾರಿ ಬದಲಿ ಮಾಡ್ತೀನಿ. ದೆವ್ವದ ಮಾರಿ ಇಡ್ತೀನಿ."

ಅವಳು ನಂಬಿದಳು. ಸತ್ತ ಕಾಗೆಯ ನಾತ ಕುಡಿದವಳಿಗೆ ತಿಳಿಯಬೇಕಿತ್ತು, ಈ ಮನುಷ್ಯನಿಗೆ ಬದಲಿ ಮಾಡಲು ಬರುವುದಿಲ್ಲವೆಂದು. ದೆವ್ವದ ಮಾರಿ ಎಲ್ಲಿಂದ ತಂದಾನು? ಅದನ್ನೂ ಕೂರಿಸಬೇಕಲ್ಲ.

ರಾಯಚೂರಿನ ತೀನ್ ಕಂದೀಲ್ ಹತ್ತಿರದ ಗಲ್ಲಿಯಲ್ಲಿ ಅಮೀರ್ ಸಾಬನ ಪ್ರೆಸ್ಸು. ಮದುವೆ ಕಾರ್ಡು, ಸಾಮಾನಿನ ಚೀಟಿ ಅಚ್ಚು ಹಾಕುತ್ತಿದ್ದ ಸಾಬ ಮಕ್ಕಳ ಪುಸ್ತಕಕ್ಕೂ ಕೈ ಹಾಕಿದ್ದ. ಚಿತ್ರವನ್ನು ಹೈದರಾಬಾದಿಗೆ ಕಳಿಸಿ ಸತುವಿನ ಬ್ಲಾಕು ಮಾಡಿಸಿಕೊಂಡು ಬಂದ. ಮುಖದ ತುಂಬ ಚುಕ್ಕಿ ಇದೆ, ಮಸಿ ತುಂಬಿಕೊಂಡು ರಾಡಿಯಾಗುತ್ತದೆ ಎಂದು ಸಾಬನಿಗೆ ಅಂಜಿಕೆಯಿತ್ತು. ಆಗಲಿಲ್ಲ. ಮೈಲಿಬೇನೆಯ ಒಂದೊಂದು ಕುಳಿಯೂ ಚುಕ್ಕಿಚುಕ್ಕಿಯಾಗಿ ಮೂಡಿ, ಆ ಮಾರಿ ಕಾಗದ ಬಿಟ್ಟು ಎದ್ದು ಬರುವಂತೆ ಕಂಡಿತು. ಕಪ್ಪು, ಕೆಂಪು, ಎರಡೇ ಬಣ್ಣ. ಪುಸ್ತಕದ ಹೆಸರು 'ಹಳ್ಳದ ಗುಮ್ಮವ್ವ'. ಹಳ್ಳದಲ್ಲಿ ಒಬ್ಬ ಗುಮ್ಮವ್ವ ಇರುತ್ತಾಳೆ. ತುತ್ತು ಬಿಟ್ಟ ಮಕ್ಕಳ ವಾಸನೆ ಹಿಡಿದು ಬಂದು ಹೊತ್ತೊಯ್ಯುತ್ತಾಳೆ. ಅಷ್ಟೇ ಕತೆ. ಕತೆ ಯಾರಿಗೆ ಬೇಕಿತ್ತು? ಆ ಒಂದು ಪುಟ ತೆಗೆದರೆ ಸಾಕು, ಮಕ್ಕಳು ಪುಸ್ತಕ ಬಿಸಾಕಿ ಓಡುತ್ತಿದ್ದವು. ಓಡಿ ಮತ್ತೆ ಬಂದು ಅದೇ ಪುಟ ತೆಗೆಯುತ್ತಿದ್ದವು. ಊಟ ಮಾಡದ ಮಕ್ಕಳಿದ್ದ ಮನೆಗಳಲ್ಲೆಲ್ಲ ಪುಸ್ತಕ ಬೇಕಾಯಿತು. ಸಾಬ ಎರಡನೇ ಸಲ ಅಚ್ಚು ಹಾಕಿದ, ಮೂರನೇ ಸಲ ಹಾಕಿದ.

ಅಮರಮ್ಮನಿಗೆ ಓದು ಬರುತ್ತಿರಲಿಲ್ಲ. ಚಿತ್ರ ನೋಡಲು ಓದು ಬೇಕಿಲ್ಲ. ಪುಸ್ತಕ ಕೈಗೆ ಬಂದ ದಿನ ನೋಡಿದಳು, ಮುಚ್ಚಿದಳು, ಮತ್ತೆ ತೆಗೆದು ನೋಡಿದಳು. ಚಿತ್ರದಲ್ಲಿ ಎತ್ತಿದ ಕೈಯಿತ್ತು, ಕೈಯಲ್ಲಿ ತುತ್ತು ಇರಲಿಲ್ಲ. ತುತ್ತಿನ ಜಾಗದಲ್ಲಿ ಒಂದು ಕೂಸಿನ ಜುಟ್ಟು ಇತ್ತು.

"ಬದಲಿ ಮಾಡ್ತೀನಂದಿದ್ರಿ."

"ಮಾಡಿದ್ರ ಕೆಡತಿತ್ತು. ನಿನ್ನ ಮಾರಿಗೂ ಒಂದು ಬೆಲಿ ಬಂತು ಅನ್ಕೋ. ಮೊದ್ಲು ಯಾರು ನೋಡತಿದ್ರು ಅದನ್ನ?"

ಅವಳಿಗೆ ಆಗ ಗಂಡನ ಸಾಲೆಯಲ್ಲೇ ಮಕ್ಕಳ ಉಪ್ಪಿಟ್ಟು ಬೇಯಿಸುವ ಕೆಲಸವಿತ್ತು. ಬೆಳಗ್ಗೆ ಒಲೆ ಹೊತ್ತಿಸಿ, ಹಳದಿ ಹಿಟ್ಟಿನ ಚೀಲ ಬಿಚ್ಚಿ, ದೊಡ್ಡ ಬೋಗುಣಿಯಲ್ಲಿ ಕೈಯಾಡಿಸಿ, ಗಂಟೆ ಬಾರಿಸುವ ಹೊತ್ತಿಗೆ ಸಾಲಾಗಿ ಕೂತ ಮಕ್ಕಳಿಗೆ ನೀಡುವುದು. ಆ ಕೆಲಸ ಅವಳಿಗೆ ಇಷ್ಟ. ಯಾವ ಹುಡುಗನಿಗೆ ತಳದ ಸೀದ ಚಕ್ಕೆ ಬೇಕು, ಯಾವ ಹುಡುಗಿ ತಮ್ಮನಿಗೆಂದು ಲಂಗದಲ್ಲಿ ಕಟ್ಟಿಕೊಂಡು ಹೋಗುತ್ತಾಳೆ, ಎಲ್ಲ ಗೊತ್ತಿತ್ತು. ಪುಸ್ತಕ ಬಂದ ವಾರದಲ್ಲಿ ಸಾಲಿನ ಮೊದಲ ಹುಡುಗಿ ಸವುಟಿನಿಂದ ಕಣ್ಣೆತ್ತಿ ಅವಳ ಮಾರಿ ನೋಡಿತು. ತಾಟು ಕೆಳಗೆ ಬಿತ್ತು. ನಿನ್ನೆಯವರೆಗೂ ನೋಡಿದ ಮಾರಿಯೇ! ಆದರೆ ಅಚ್ಚಿನಲ್ಲಿ ಬಂದದ್ದು ಕಣ್ಣಿನಲ್ಲಿ ಕಂಡದ್ದಕ್ಕಿಂತ ಖರೆ, ಮಕ್ಕಳಿಗೂ ಅಷ್ಟೇ ದೊಡ್ಡವರಿಗೂ ಅಷ್ಟೇ.

"ಗುಮ್ಮವ್ವ! ಗುಮ್ಮವ್ವ ನೀಡಾಕತ್ಯಾಳ!"

ಸಾಲು ಮುರಿಯಿತು. ಮೊದಲು ಹೆದರಿ ಓಡಿದರು. ಆಮೇಲೆ ಪಂಥ ಕಟ್ಟಿದರು: ಹಿಂದಿನಿಂದ ಹೋಗಿ ಗುಮ್ಮವ್ವನ ಸೆರಗು ಮುಟ್ಟಿ ಬಂದವನು ಶೂರ. ಅದು ಹಳತಾದ ಮೇಲೆ ಕಲ್ಲು. ಉಪ್ಪಿಟ್ಟು ಬೋಗುಣಿ ತುಂಬ ಉಳಿದು ನಾಯಿಗಳ ಪಾಲಾಯಿತು. ಕನಕಳನ್ನು 'ಗುಮ್ಮನ ಮರಿ' ಎಂದು ಕೂಗಿ, ಜಡೆ ಎಳೆದು, 'ನೀನೂ ಮಾಡಿ ತೋರ್ಸಲೇ' ಎಂದು ಹಲ್ಲು ಹಿಡಿದು ಜಗ್ಗಿದರು.

ಹೆಡ್‌ಮಾಸ್ತರ ಅಮರಮ್ಮನನ್ನು ಕರೆದು ಬಾಗಿಲಲ್ಲೇ ನಿಲ್ಲಿಸಿದ.

"ನೋಡವ್ವಾ, ಹುಡುಗರು ಉಪ್ಪಿಟ್ಟು ಉಣ್ಣವಲ್ಲವು. ಮ್ಯಾಲಿನವ್ರು ಕೇಳಿದ್ರ ನಾ ಏನಂತ ಬರೀಲಿ? ದೆವ್ವ ನೀಡತದ, ಅದಕ್ಕ ಉಣ್ಣವಲ್ಲವು ಅಂತ ಬರೀಲ್ಯಾ?"

ಒಳಗೆ ಕೂತ ಮಾಸ್ತರರು ಕಿಸಕ್ಕನೆ ನಕ್ಕರು. ಅವರ ನಡುವೆ ಯಂಕೋಬನೂ ಇದ್ದ. ಅವನು ನಗಲಿಲ್ಲ, ನಿಜ. ಪೆನ್ಸಿಲ್ ಚೂಪು ಮಾಡುತ್ತಿದ್ದ.

ಮರುದಿನದಿಂದ ಬೇರೆ ಹೆಂಗಸು ಬಂದಳು.

ಅಮರಮ್ಮ ಅಳಲಿಲ್ಲ. ಗಂಡನ ಮುಂದೆ ಕೂತು ಕೇಳಿದಳು, "ಒಂದ ಮಾತು ಹೇಳ್ರಿ ಆ ಹುಡುಗರಿಗೆ. ಇಕಿ ಗುಮ್ಮವ್ವ ಅಲ್ಲ, ನಮ್ಮನಿಯಾಕಿ, ಮನಶ್ಯಾಳು ಅಂತ. ನಿಮ್ಮ ಮಾತು ಕೇಳ್ತಾವ."

ಯಂಕೋಬ ತುಸು ಯೋಚಿಸಿದ. "ಬರೋ ಶನಿವಾರ ದೇವದುರ್ಗಕ್ಕ ಹೊಂಟೀನಿ, ಸಾಲಿಯಾಗ ಕತಿ ಹೇಳಾಕ. ನೀನೂ ಬಾ. ಕತಿ ಮುಗದಮ್ಯಾಲ ನಿನ್ನ ಕರೀತೀನಿ. ಇಕಿ ಅಮರಮ್ಮ, ನಮ್ಮನಿಯಾಕಿ ಅಂತೀನಿ. ಹುಡುಗರು ನಗತಾವ, ಅಂಜಿಕಿ ಹೋಗತದ. ಇಲ್ಲಿ ಮಾನ್ವಿಯಾಗೂ ಆಮ್ಯಾಲ ಹಂಗ ಮಾಡೂಣು."

ಅವಳು ಆ ರಾತ್ರಿಯೇ ಶೇಂಗಾ ಹುರಿದಳು. ಬೆಲ್ಲ ಹಾಕಿ ಉಂಡಿ ಕಟ್ಟಿದಳು. ದೇವದುರ್ಗದ ಬಸ್ಸಿನಲ್ಲಿ ಉಂಡಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಮಕ್ಕಳಿಗೆ ಏನೇನು ಮಾತಾಡಬೇಕು ಎಂದು ಮನಸ್ಸಿನಲ್ಲೇ ಆಡಿ ನೋಡಿದಳು.

ಸಾಲೆಯಲ್ಲಿ ಅವಳನ್ನು ಬಾಗಿಲ ಹಿಂದೆ ನಿಲ್ಲಿಸಿದರು. ಯಂಕೋಬ ಚೆನ್ನಾಗಿ ಕತೆ ಹೇಳುತ್ತಿದ್ದ, ಅದು ಸುಳ್ಳಲ್ಲ. ದನಿ ಇಳಿಸಿ, ಏರಿಸಿ, ಹಳ್ಳದ ನೀರಿನ ಸಪ್ಪಳ ಬಾಯಲ್ಲೇ ಮಾಡಿ, ಕೋಣೆಯ ತುಂಬ ಇದ್ದ ಮಕ್ಕಳ ಉಸಿರು ಹಿಡಿದಿಟ್ಟ. ಆಮೇಲೆ ಪುಟ ತೆಗೆದು ಎತ್ತಿ ಹಿಡಿದು ಕೂಗಿದ:

"ಅಗಾ ನೋಡ್ರಿ, ಬಂದ್ಲು! ಬಾ ಗುಮ್ಮವ್ವಾ, ಒಳಗ ಬಾ!"

ಅಮರಮ್ಮ ನಿಂತಳು. ಅವನು ಹೇಳಬೇಕಾದ ಮಾತು ಇದಲ್ಲ. ಇನ್ನೂ ಹೇಳಿಯಾನು ಎಂದು ಕಾದಳು. ಹಿಂದೆ ನಿಂತಿದ್ದ ಸಾಲೆಯ ಜವಾನ ಬೆನ್ನಿಗೆ ಕೈಹಾಕಿ ಅವಳನ್ನು ಒಳಗೆ ದಬ್ಬಿದ.

ಆಮೇಲಿನದು ಬರೀ ಚೀರಾಟ. ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದರು, ಕಿಟಕಿ ಹತ್ತಿ ಹಾರಿದರು. ಮುಂದಿನ ಸಾಲಿನಲ್ಲಿ ಒಬ್ಬ ತೆಳ್ಳನೆಯ ಹುಡುಗನಿಗೆ ಏಳಲೂ ಆಗಲಿಲ್ಲ. ಅಮರಮ್ಮ ಅವನ ಹತ್ತಿರ ಹೋಗಿ ಉಂಡಿ ಚಾಚಿ, "ಅಂಜಬ್ಯಾಡಪ್ಪಾ, ತಗೋ, ನಾ ನಿಮ್ಮವ್ವನಂಗ" ಎಂದಳು. ಹುಡುಗ ಕೂತಲ್ಲೇ ಉಚ್ಚೆ ಹೊಯ್ದುಕೊಂಡ. ಕಣ್ಣು ಮೇಲಾದವು.

ಮಾಸ್ತರರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಯಂಕೋಬ ಮೇಜು ಬಡಿದು ಹೇಳಿದ: "ಯಾರ ಮನ್ಯಾಗ ಈ ಪುಸ್ತಕ ಇರತದ, ಅವರ ಮನಿಗೆ ಗುಮ್ಮವ್ವ ಬರಂಗಿಲ್ಲ! ಓಡ್ರಿ, ಮನಿಗೆ ಹೋಗಿ ರೊಕ್ಕ ತರ್ರಿ!"

ಮಕ್ಕಳು ಓಡಿದರು. ತಂದ ಪುಸ್ತಕವೆಲ್ಲ ಖಾಲಿಯಾಯಿತು. ಉಂಡಿಯನ್ನು ಒಬ್ಬರೂ ಮುಟ್ಟಲಿಲ್ಲ. ತಿರುಗಿ ಬರುವಾಗ ಬಸ್ಸಿನಲ್ಲಿ ಯಂಕೋಬನೇ ಅಷ್ಟನ್ನೂ ತಿಂದ. "ಬೆಲ್ಲ ಸ್ವಲ್ಪ ಮುಂದಾಗ್ಯಾದ" ಎಂದ.

ಕೆಲವು ದಿನ ಬಿಟ್ಟು ಅಮರಮ್ಮ ಯಾರಿಗೂ ಹೇಳದೆ ರಾಯಚೂರಿಗೆ ಹೋದಳು. ಕೇಳುತ್ತ ಕೇಳುತ್ತ ಗಲ್ಲಿ ಹೊಕ್ಕು ಪ್ರೆಸ್ಸಿನ ಬಾಗಿಲಲ್ಲಿ ನಿಂತಳು. ಅಮೀರ್ ಸಾಬ ಒಳ್ಳೆಯ ಮನುಷ್ಯ. ಮಾರಿ ನೋಡಿದ ಕೂಡಲೇ ಯಾರೆಂದು ತಿಳಿದು, ಎದ್ದು ನಿಂತು, ಸ್ಟೂಲು ಒರೆಸಿ ಕೂರಿಸಿ ಚಹಾ ತರಿಸಿದ.

"ಸಾಬರ, ಅದೇನೋ ಬ್ಲಾಕು ಅಂತಾರಲ್ಲ, ನನ್ನ ಮಾರೀದು. ಅದನ್ನ ಒಡದು ಹಾಕ್ರಿ."

ಸಾಬ ಕಪಾಟಿನಿಂದ ತೆಗೆದು ಕೈಗೆ ಕೊಟ್ಟ. ಕಟ್ಟಿಗೆಯ ತುಂಡಿನ ಮೇಲೆ ಮೊಳೆ ಹೊಡೆದು ಕೂರಿಸಿದ ಸತುವಿನ ತಗಡು. ಅಂಗೈಯಗಲ. ಬೆರಳಾಡಿಸಿದಳು, ತನ್ನ ಕೆನ್ನೆಯಲ್ಲಿ ಕುಳಿಯಾಗಿದ್ದದ್ದು ಅಲ್ಲಿ ಉಬ್ಬಾಗಿತ್ತು.

"ಒಡದ್ರ ಇನ್ನೊಂದು ಬರತದ ತಂಗೆವ್ವಾ. ಹೈದರಾಬಾದಿನಾಗ ನೆಗೆಟಿವ್ ಅದ. ನನ್ನ ಮಿಷನ್ನು ನಡಿಯೋದೇ ಇದರಿಂದ, ಖುದಾನ ಮ್ಯಾಲ ಆಣಿ. ಏಳು ಮಂದಿ ಉಣ್ಣಾಕತ್ತಾರ ನಿನ್ನ ಹೆಸರಿನ್ಯಾಗ."

"ನನ್ನ ಹೆಸರು ಎಲ್ಲದ ಅದ್ರಾಗ?"

ಸಾಬ ಖಾಲಿ ಲೋಟ ಎತ್ತಿ ಬದಿಗಿಟ್ಟ. ಅವಳು ತಲೆಯೆತ್ತಿದಾಗ ಮೇಲೆ ಹಗ್ಗದ ಮೇಲೆ ಒಣಗಲು ಹಾಕಿದ ದಪ್ಪ ಹಾಳೆಗಳು ಕಂಡವು. ಒಂದೊಂದರಲ್ಲೂ ಒಂದೇ ಮಾರಿ, ಸುತ್ತ ಕೆಂಪು ಅಂಚು, ಮೇಲೆ ದಾರ ಪೋಣಿಸಲು ತೂತು.

"ಅದು ದೃಷ್ಟಿ ಹಾಳಿ," ಸಾಬ ನಾಚಿಕೆಯಿಂದ ಹೇಳಿದ. "ಪೋತ್ನಾಳದ ಕಡಿ ಕಾಲಿವಿ ನೀರು ಬಂದು ಎಲ್ಲಾರು ಮನಿ ಕಟ್ಟಾಕತ್ತಾರ. ಹೊಸ ಗ್ವಾಡಿಗೆ ಕಟ್ಟಾಕ ಒಯ್ತಾರ. ಕುಂಬಳಕಾಯಿಗಿಂತ ಇದು ಜೋರು ಅಂತಾರ. ನಿನ್ನ ಗಂಡಗ ಹೇಳೇ ಮಾಡೀನಿ ಮತ್ತ."

ಹೊರಡುವಾಗ ಪಾಪ, ಬರಿಗೈಯಲ್ಲಿ ಕಳಿಸಬಾರದೆಂದು ಒಂದು ಹಾಳೆ ಸುತ್ತಿ ಕೊಟ್ಟ. ಅವಳು ಇಸಿದುಕೊಂಡಳು. ಒಂದು ಮನೆಗಾದರೂ ಕಡಿಮೆಯಾಯಿತಲ್ಲ.

ಮಾನ್ವಿಗೆ ಹೋಗಲು ಮನಸ್ಸಾಗದೆ ತವರಿನ ಬಸ್ಸು ಹತ್ತಿದಳು. ಯಾಪಲದಿನ್ನಿಯಲ್ಲಿ ತಮ್ಮ ಹೊಸದಾಗಿ ಒಂದು ಅಂಕಣ ಕಟ್ಟಿಸುತ್ತಿದ್ದ. ಅರ್ಧ ಎದ್ದ ಗೋಡೆಯ ಮೇಲೆ, ಕೋಲಿಗೆ ಕಟ್ಟಿ, ಅಕ್ಕನನ್ನು ನಿಲ್ಲಿಸಿದ್ದ.

"ನೋಡಿದ್ನಿ ಅಕ್ಕಾ, ನಿನ್ನಂಗ ಕಂಡ್ತು," ತಮ್ಮ ತಲೆ ಕೆರೆದುಕೊಂಡ. "ಆದ್ರ ದೃಷ್ಟಿಗೆ ಚೊಲೊ ಅಂದ್ರು. ಗ್ವಾಡಿ ಮುಗಿಯೋ ತನಕ ಇರಲಿ ಬಿಡು."

ಅವಳು ನೀರನ್ನೂ ಕುಡಿಯದೆ ತಿರುಗಿದಳು. ಆ ದಾರಿಯಲ್ಲೇ ಒಂದು ತೀರ್ಮಾನ ಮಾಡಿದಳು. ದೊಡ್ಡದೇನಲ್ಲ. ಇನ್ನು ಮೇಲೆ ಆ ಮಾರಿ ಮಾಡುವುದಿಲ್ಲ. ಯಾರಿಗೂ, ಯಾವ ಕಾರಣಕ್ಕೂ.

ಅಷ್ಟರಲ್ಲಿ ಯಂಕೋಬನಿಗೆ ಎರಡನೇ ಗುಮ್ಮವ್ವನ ಪುಸ್ತಕ ಬೇಕಾಗಿತ್ತು. ಅಮೀರ್ ಸಾಬನೂ ಬೆನ್ನು ಹತ್ತಿದ್ದ. ಈ ಸಲ ಗುಮ್ಮವ್ವ ಮದುವೆಗೆ ಹೋಗುವ ಕತೆ. ಕಂದೀಲು ಹಚ್ಚಿ, ಹೆಂಡತಿಯನ್ನು ಕರೆದ. ಅಮರಮ್ಮ ಬಂದು ಕೂತಳು. ಮಾರಿ ಅಕ್ಷರ ಒರೆಸಿ ತೊಳೆದಿಟ್ಟ ಪಾಟಿಯಂತೆ ಇತ್ತು.

"ಮಾಡು."

ಅವಳು ಕಂದೀಲಿನ ಕಡೆ ನೋಡಿದಳು.

"ಮಾಡಂದ್ನಿ ಲೇ!"

ತುರುಬು ಹಿಡಿದು ಕಂದೀಲಿನ ಹತ್ತಿರ ಎಳೆದ. ಕೆನ್ನೆಗೆ ಹೊಡೆದ. ಬಾಯಿಗೆ ಬೆರಳು ಹಾಕಿ ತುಟಿ ಎತ್ತಿ ಹಿಡಿದ. ತುಟಿಯಿಂದ ರಕ್ತ ಬಂತು, ಗುಮ್ಮವ್ವ ಬರಲಿಲ್ಲ. ಹೆಂಡತಿಯನ್ನು ಹಿಡಿದು ಕೂರಿಸಬಹುದು, ಹೊಡೆದು ಅಳಿಸಬಹುದು. ಆ ಮಾರಿಯನ್ನು ಮಾತ್ರ ಅವಳೇ ಕೊಡಬೇಕಿತ್ತು. ಅದು ತಿಳಿದ ಮೇಲೆ ಯಂಕೋಬ ಅವಳೊಂದಿಗೆ ಮಾತು ಬಿಟ್ಟ.

ಕನ್ನಡಿ ಮುಂದೆ ಕೂತು ತನ್ನದೇ ಹಲ್ಲು ಕಿರಿದು ಚಿತ್ರ ತೆಗೆದ. ಹೊಟ್ಟೆ ನೋವು ಬಂದ ಮಾಸ್ತರನಂತೆ ಕಂಡಿತು. ಬಸ್ ಸ್ಟ್ಯಾಂಡಿನಲ್ಲಿ ಭಿಕ್ಷೆ ಬೇಡುವ ಹೀರಾಬಿಗೆ ನಾಲ್ಕಾಣೆ ಕೊಟ್ಟು ಕೂರಿಸಿದ. ಆ ಮುದುಕಿಗೆ ನಗು ತಡೆಯಲಾಗಲಿಲ್ಲ. ಅಚ್ಚಾದ ಪುಸ್ತಕ ನೋಡಿ ಮಕ್ಕಳು ಬಿದ್ದು ಬಿದ್ದು ನಕ್ಕರು. ಅಮೀರ್ ಸಾಬ ಮುಂದೆ ಅವನ ಯಾವ ಹೊಸ ಪುಸ್ತಕಕ್ಕೂ ಕಾಗದ ಕೊಡಲಿಲ್ಲ. ಹಳೆಯದನ್ನೇ ಅಚ್ಚು ಹಾಕುತ್ತ ಹೋದ. ಎಪ್ಪತ್ತೆಂಟರಲ್ಲಿ ರಾಯಚೂರಿನ ಒಂದು ಸಂಘದವರು ಅದೇ ಹಳೆಯ ಪುಸ್ತಕಕ್ಕಾಗಿ ಯಂಕೋಬನಿಗೆ ಶಾಲು ಹೊದಿಸಿದರು. ಯಂಕೋಬ ಮೈಕಿನ ಮುಂದೆ ನಿಂತು, "ಈ ಮುಖ ನನ್ನ ಕಲ್ಪನೆಯಲ್ಲಿ ಒಂದು ದಿನ ತಾನಾಗಿಯೇ ಮೂಡಿತು" ಎಂದು ಹೇಳಿದನಂತೆ. ಕನಕ ಬಂದು ವರದಿ ಒಪ್ಪಿಸಿದಳು. ಅಮರಮ್ಮ ಅಕ್ಕಿಯೊಳಗಿನ ಕಲ್ಲು ಆರಿಸುತ್ತಿದ್ದಳು.

ಕನಕ ಚೆಂದದ ಹುಡುಗಿ. ಅಪ್ಪನ ಬಣ್ಣ, ಅಪ್ಪನ ಮೂಗು, ಅಪ್ಪನ ಮನಸ್ಸು. ಹೈಸ್ಕೂಲಿಗೆ ಹೋಗುತ್ತಿದ್ದಾಗ ಒಂದು ದಿನ ಅಚಾನಕ್ಕಾಗಿ ಮಳೆ ಹಿಡಿಯಿತು. ಅಮರಮ್ಮ ಛತ್ರಿ ತೆಗೆದುಕೊಂಡು ಗೇಟಿನ ಹತ್ತಿರ ಹೋದಳು. ಗೆಳತಿಯೊಬ್ಬಳು ಕೇಳಿದ್ದು ಅವಳ ಕಿವಿಗೆ ಬಿತ್ತು.

"ಯಾರಲೇ ಆಕಿ?"

"ಮನಿಗೆಲಸದಾಕಿ," ಕನಕ ಹೇಳಿದಳು. "ನಮ್ಮವ್ವ ನಾ ಸಣ್ಣಾಕಿ ಇದ್ದಾಗ ಸತ್ತಾಳ."

ಅಮರಮ್ಮ ಮುಂದೆ ಬಂದು ಛತ್ರಿ ಚಾಚಿದಳು. "ತಗೋರಿ ಅಕ್ಕಾರ," ಎಂದಳು. ತೊಯ್ಯುತ್ತ ಮನೆಗೆ ಬಂದಳು. ಮನೆಯಲ್ಲಿ ಆ ಮಾತು ಇಬ್ಬರೂ ಎತ್ತಲಿಲ್ಲ. ಮಗಳು ತಾನಾಗಿ ಒಂದು ದಿನ ಹೇಳಿಯಾಳು, ತಪ್ಪಾಯಿತವ್ವಾ ಅಂದಾಳು ಎಂದು ಕಾದಳು. ಮದುವೆಯ ಹಂದರದಲ್ಲಿ ಅಕ್ಕಿಕಾಳು ಹಾಕುವಾಗ ತನ್ನ ಜಾಗ ಎಲ್ಲಿ ಹೋದೀತು, ಹಡೆದವಳಲ್ಲವೇ ಎಂಬ ಒಂದೇ ಧೈರ್ಯ ಅವಳಿಗೆ ಉಳಿದಿತ್ತು. ಲೋಕದ ಮಕ್ಕಳೆಲ್ಲ ಹೋಗಲಿ, ಈ ಒಂದು ಮಗಳ ಅವ್ವನಾಗಿ ನಾಲ್ಕು ಜನರ ಮುಂದೆ ನಿಂತರೆ ಸಾಕಿತ್ತು.

ಎಂಬತ್ತೈದರಲ್ಲಿ ದೇವದುರ್ಗದಿಂದ ವರ ಬಂದ. ಹೆಸರು ತಾಯಣ್ಣ, ಸರಕಾರಿ ಕಚೇರಿಯಲ್ಲಿ ಗುಮಾಸ್ತ. ನೋಡಲು ಬರುವ ಹಿಂದಿನ ದಿನ ಯಂಕೋಬ ಹೆಂಡತಿಯೊಂದಿಗೆ ವರ್ಷಗಳ ಮೇಲೆ ಮಾತಾಡಿದ.

"ಅವ್ರಿಗೆ ನೀ ಸತ್ತೀ ಅಂತ ಹೇಳೀನಿ. ಜ್ವಾಳದ ಖೋಲಿಯಾಗ ಕುಂದ್ರು. ಮಹಾಂತಮ್ಮ ಬಂದು ಎಲ್ಲಾ ನೋಡ್ಕೋತಾಳ."

ಮಹಾಂತಮ್ಮ ಎಂದರೆ ಪಕ್ಕದ ಮನೆಯವಳು. ಅಮರಮ್ಮ ಮಗಳ ಕಡೆ ನೋಡಿದಳು. ಕನಕ ಬಳೆ ಎಣಿಸುತ್ತಿದ್ದಳು.

ಬೆಳಕು ಹರಿಯುವ ಮೊದಲೇ ಎದ್ದು ಅಮರಮ್ಮ ಮಂಡಾಳು ನೆನೆಸಿ ಒಗ್ಗರಣೆ ಹಾಕಿದಳು, ಮಿರ್ಚಿ ಕರಿದಳು, ಸಿರಾ ತಿರುವಿದಳು. ತಾನು ಒಂದು ತುತ್ತು ಬಾಯಿಗೆ ಹಾಕಿಕೊಳ್ಳುವ ಮೊದಲೇ ಬಸ್ಸು ಬಂತೆಂದು ಸುದ್ದಿ ಬಂದು, ಯಂಕೋಬ ಅವಳನ್ನು ಖೋಲಿಯೊಳಗೆ ಕಳಿಸಿ ಹೊರಗಿನಿಂದ ಚಿಲಕ ಹಾಕಿದ.

ಬಂದವರು ಮೂವರು. ಹುಡುಗ, ಅವನ ತಾಯಿ ದುರುಗಮ್ಮ, ಸೋದರಮಾವ. ಹುಡುಗಿ ಒಪ್ಪಿಗೆಯಾದಳು. ದುರುಗಮ್ಮ ಅವಳನ್ನು ಹತ್ತಿರ ಕೂರಿಸಿಕೊಂಡು ತಾಯಿಯಿಲ್ಲದ ಕೂಸು ಎಂದು ತಲೆ ಸವರಿದಳು. ಕನಕ ಕಣ್ಣೊರೆಸಿಕೊಂಡಳು. ಖೋಲಿಯ ಬಾಗಿಲ ಸಂದಿನಿಂದ ಅಮರಮ್ಮನಿಗೆ ಎಲ್ಲ ಕಾಣುತ್ತಿತ್ತು.

ತಿಂಡಿ ತಿನ್ನುತ್ತ ತಾಯಣ್ಣ ನಕ್ಕ. "ಸರ್, ನಾ ನಿಮ್ಮನ್ನ ಸಣ್ಣಾವಿದ್ದಾಗ ನೋಡೀನಿ. ನಮ್ಮ ಸಾಲಿಗೆ ಬಂದು ಗುಮ್ಮವ್ವನ ಕತಿ ಹೇಳಿದ್ರಿ. ಅವತ್ತು ಕುಂತಲ್ಲೇ ಚಡ್ಡಿ ತೊಯ್ಸಿಕೊಂಡಿದ್ನಿ ನೋಡ್ರಿ. ತಿಂಗಳಗಟ್ಟಲೆ ಜ್ವರ."

ಎಲ್ಲರೂ ನಕ್ಕರು. ಮಾವ ಮಿರ್ಚಿ ಕಚ್ಚುತ್ತ ಹೇಳಿದ, "ನಾನೂ ನೋಡೀನಿ ಆ ಪುಸ್ತಕ. ಏನೋ ಪೋಟೋ ಕಾಪಿ ಹೊಡದಂಗ ಅದ ಬಿಡ್ರಿ. ಬ್ಯಾರೆ ಪುಸ್ತಕದಾಂದು ಎತ್ತಿದ್ದಿರಬೇಕು. ಹೌದಿಲ್ಲೋ ಮಾಸ್ತರ? ಸ್ವಂತ ತಲಿಯಾಗಿಂದು ಅಲ್ಲ ಅದು."

ಯಂಕೋಬನ ಮೂಗು ಕೆಂಪಾಯಿತು. ಹತ್ತು ವರ್ಷದಿಂದ ಒಂದು ನೆಟ್ಟಗಿನ ಗೆರೆ ಎಳೆಯದ ಮನುಷ್ಯ. ಮಗಳ ಮದುವೆ, ತಾನು ಹೇಳಿದ ಸುಳ್ಳು, ಎಲ್ಲ ಮರೆತ.

"ಎತ್ತಿದ್ದಾ? ಗೆರಿ ಗೆರಿ ಎದುರಿಗೆ ನೋಡಿ ತೆಗದೀನಿ! ತೋರಸ್ಲೇನು? ಅಮರೀ! ಏ ಅಮರೀ, ಬಾ ಹೊರಗ!"

ಮಹಾಂತಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಯಂಕೋಬ ತಾನೇ ಹೋಗಿ ಚಿಲಕ ತೆಗೆದು, ರಟ್ಟೆ ಹಿಡಿದು ಪಡಸಾಲೆಯ ನಡುವೆ ತಂದು ನಿಲ್ಲಿಸಿದ. ಆಗ ತನ್ನ ಸುಳ್ಳು ನೆನಪಾಯಿತೋ ಏನೋ. "ನಮ್ಮ ಅಡಗಿ ಮಾಡಾಕಿ. ಈಗ ನೋಡ್ರಿ ಬೇಕಾದ್ರ, ಚುಕ್ಕಿ ಎಣಿಸ್ರಿ!"

ಮಾವ ಎದ್ದು ಸುತ್ತ ತಿರುಗಿ ನೋಡಿದ, ಸಂತೆಯಲ್ಲಿ ಎಮ್ಮೆ ನೋಡುವಂತೆ. "ಅಬಬಬಾ! ಆಕೀನ! ಯವ್ವಾ, ಒಮ್ಮೆ ಮಾಡಿ ತೋರ್ಸಬೇ. ಮದಿವಿ ಮಾತಿನ್ಯಾಗ ಒಂದಿಷ್ಟು ನಗಿ ಇರಲಿ."

ಅಮರಮ್ಮ ಅಲ್ಲಾಡಲಿಲ್ಲ. ಆಗ ಕನಕ ತಲೆ ಬಗ್ಗಿಸಿಕೊಂಡೇ, ಹಲ್ಲುಗಳ ನಡುವೆ ಹೇಳಿದಳು:

"ಮಾಡಿ ಒಳಗ ಹೋಗಬಾರದಾ? ಲಗೂನ ಮುಗೀತದ."

ಅಮರಮ್ಮ ಮಗಳ ನೆತ್ತಿಯನ್ನು ನೋಡಿದಳು. ಬೈತಲೆಗೆ ಬೆಳಗ್ಗೆ ಎಣ್ಣೆ ಹಚ್ಚಿದವಳು ತಾನೇ. ನಿಧಾನಕ್ಕೆ ಕೈ ಎತ್ತಿದಳು. ಕಣ್ಣು ಹಿಗ್ಗಿತು, ಕೆನ್ನೆ ಒಳಗೆ ಹೋಯಿತು, ಹಲ್ಲು ಹೊರಗೆ ಬಂತು.

ಮಾವ ಚಪ್ಪಾಳೆ ಹೊಡೆದು ನಕ್ಕ. ಮಹಾಂತಮ್ಮನೂ ನಕ್ಕಳು. ಆದರೆ ಆಟ ಮುಗಿಯಲಿಲ್ಲ. ಅಮರಮ್ಮ ಮಾರಿ ಇಳಿಸಲಿಲ್ಲ. ಕೂಸು ಉಣ್ಣಲೆಂದು ಮಾಡಿದಾಗ ಆ ಮಾರಿಯ ಹಿಂದೆ ನಗುವಿತ್ತು. ಈಗ ಹಿಂದೆ ಏನೂ ಇರಲಿಲ್ಲ, ಬರೀ ಅದೇ ಇತ್ತು. ಮಾವ ಚಪ್ಪಾಳೆ ನಿಲ್ಲಿಸಿ ಒಂದು ಹೆಜ್ಜೆ ಹಿಂದೆ ಸರಿದ. ತಾಯಣ್ಣನ ಕೈಯ ತಾಟು ವಾಲಿ ಮಂಡಾಳು ನೆಲಕ್ಕೆ ಸುರಿಯಿತು.

"ಅಲ್ಲಾಡಬ್ಯಾಡ!"

ಯಂಕೋಬ ಗೋಡೆಯ ಕ್ಯಾಲೆಂಡರ್ ಕಿತ್ತು ಹಿಂಬದಿ ತಿರುವಿ ಕುಕ್ಕರಗಾಲಲ್ಲಿ ಕೂತಿದ್ದ. ಕಿಸೆಯ ಪೆನ್ಸಿಲ್ ಕೈಗೆ ಬಂದಿತ್ತು. "ಹಂಗ ಇರು ಅಮರೀ, ಹಂಗ… ಅಯ್ಯೋ ದೇವರ, ಏನ್ ಬಂತಲೇ…"

"ಮಾಸ್ತರ, ಇದೇನ್ ಹಚ್ಚೀರಿ?" ದುರುಗಮ್ಮ ಎದ್ದು ನಿಂತಳು.

"ಒಂದು ನಿಮಿಷ ತಡೀರಿ!"

ಅಮರಮ್ಮ ಆ ಮಾರಿಯಲ್ಲೇ ಮಾತಾಡಿದಳು. "ನಾ ಅಡಗಿಯಾಕಿ ಅಲ್ರೀ. ಈ ಹುಡುಗಿ ಹಡದಾಕಿ."

ದುರುಗಮ್ಮ ಅವಳನ್ನು ನೋಡಿದಳು, ಕನಕಳನ್ನು ನೋಡಿದಳು. ಈಗ ತಾನೇ ಸವರಿದ ತಲೆಯಿಂದ ದೂರ ಸರಿದಳು.

"ಸತ್ತಾಳಂದ್ರಿ. ಸತ್ತಾಕಿ ಎದ್ದು ಬಂದು ಹಲ್ಲು ಕಿಸದ್ಲು. ಇಂಥಾ ಹೊಟ್ಟೀಲೆ ಹುಟ್ಟಿದ್ದು ನಾಳೆ ನಮ್ಮನ್ಯಾಗ ಎಂಥಾದ್ದು ಹಡೀತದೋ! ನಡೀಲೇ ತಾಯಣ್ಣಾ."

ತಾಯಣ್ಣ ಆಗಲೇ ಅಂಗಳ ದಾಟಿದ್ದ. ಚಪ್ಪಲಿಯನ್ನು ಮಾವ ಎತ್ತಿಕೊಂಡು ಹೋದ. ಮಹಾಂತಮ್ಮ ಹಿತ್ತಲಿನಿಂದ ಜಾರಿದಳು. ಸಂಜೆಯೊಳಗೆ ಓಣಿಗೆಲ್ಲ ಹೇಳುವುದಿತ್ತಲ್ಲ.

ಯಂಕೋಬನಿಗೆ ಯಾರು ಹೋದರೆಂಬ ಅರಿವೂ ಇರಲಿಲ್ಲ. ಹಣೆಯ ಗೆರೆ ಎಳೆದಿದ್ದ, ಒಂದು ಕಣ್ಣು ಮುಗಿಸಿದ್ದ. ಇನ್ನೊಂದು ಕಣ್ಣಿಗೆ ಪೆನ್ಸಿಲ್ ಇಡುವಾಗ ಅಮರಮ್ಮ ಬಾಯಿ ಮುಚ್ಚಿದಳು. ಕೆನ್ನೆ ತುಂಬಿತು. ಎತ್ತಿದ ಕೈ ಇಳಿಯಿತು. ಎದುರಿಗೆ ಬೆವರು ಒರೆಸಿಕೊಳ್ಳುವ ಒಬ್ಬ ಹೆಂಗಸು ನಿಂತಿದ್ದಳು, ಅಷ್ಟೇ.

"ಏ… ಏ ಅಮರೀ! ಇನ್ನೊಮ್ಮೆ! ನಿನ್ನ ಕಾಲಿಗೆ ಬೀಳ್ತೀನಿ, ಇನ್ನೊಮ್ಮೆ ಮಾಡು!"

ನಿಜಕ್ಕೂ ಬಿದ್ದ. ಅವಳು ಅವನ ಕೈಯನ್ನು ದಾಟಿ ಹೋದಳು.

ಕನಕ ಮೂಲೆಯಲ್ಲಿ ರೇಷ್ಮೆ ಸೀರೆ ಮುದುಡಿಕೊಂಡು ಕೂತಿದ್ದಳು. "ಎಲ್ಲಾರಿಗೂ ನೀ ಸತ್ತೀ ಅಂತ ಹೇಳಿದ್ನಿ," ಎಂದಳು. ದನಿಯಲ್ಲಿ ಅಳು ಇರಲಿಲ್ಲ. "ಖರೇನ ಸತ್ತಿದ್ರ ಎಷ್ಟು ಚೊಲೊ ಆಗತಿತ್ತು."

"ಇದ ಮಾರಿ ನೋಡಿ ಉಂಡು ಬೆಳದೀ ನೀ," ಅಮರಮ್ಮ ಹೇಳಿದಳು. "ಇಲ್ಲಂದ್ರ ಒಂದ್ ತುತ್ತು ನುಂಗತಿದ್ದಿಲ್ಲ."

ಬೀಗರು ಬರುತ್ತಾರೆಂದು ಇಸಿದು ತಂದ ಕುರ್ಚಿಗಳು ಬಾಗಿಲ ಕಡೆ ಮುಖ ಮಾಡಿದ್ದವು. ಒಂದರಲ್ಲಿ ಕೂತಳು. ದುರುಗಮ್ಮ ಮುಟ್ಟದೆ ಬಿಟ್ಟ ತಾಟನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಬಾಗಿಲು ಪೂರ್ತಿ ತೆರೆದಿತ್ತು. ಗದ್ದಲ ಕೇಳಿ ಓಣಿಯ ಮಕ್ಕಳು, ಹೆಂಗಸರು ಬಂದು ಇಣುಕುತ್ತಿದ್ದರು. ನೋಡಲಿ. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಮಿರ್ಚಿ ಮುರಿದು, ಮಂಡಾಳಿನ ಜೊತೆ ಸೇರಿಸಿ, ದೊಡ್ಡ ತುತ್ತು ಮಾಡಿ ಬಾಯಿಗೆ ಇಟ್ಟುಕೊಂಡಳು. ಕೆಳಗೆ ಯಂಕೋಬ ಒಂದೇ ಕಣ್ಣಿನ ಆ ಕಾಗದ ಹಿಡಿದುಕೊಂಡು, ಅವಳು ಅಗಿಯುವುದನ್ನೇ ನೋಡುತ್ತ, ಕಾಯುತ್ತ ಕೂತಿದ್ದ.

ಉಪ್ಪು ಸ್ವಲ್ಪ ಕಡಿಮೆಯಾಗಿತ್ತು. ಪೂರ್ತಿ ತಿಂದಳು.